ಹೊಸ ಮೋಟಾರ್ ಸೈಕಲಿನ ಮೊದಲ ಸಾವಿರ ಕಿಲೋಮೀಟರು

ವಿಜಯದಶಮಿಯ ಸಾಯಂಕಾಲ ಬನ್ನಿ ಕೊಡಲೆಂದು ನಮ್ಮ ಮನೆಗೆ ಬರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬನು ಕಳೆದ ದಸರೆಗೆ ಕಾಲ್ನಡಿಗೆಯಿಂದ ಬರಲಿಲ್ಲ. ಅವನಿಗಿಂತ ಮೊದಲು ಅವನ ವಾಹನದ ಸಪ್ಪಳವೇ ಓಣಿಯ ತಿರುವನ್ನು ದಾಟಿ ನಮ್ಮ ಕಟ್ಟೆಯವರೆಗೆ ಬಂದಿತು. ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ, ಟ್ಯಾಂಕಿನ ಮೇಲೆ ಕುಂಕುಮದ ಸ್ವಸ್ತಿಕ, ಆಸನದ ಮೇಲೆ ಇನ್ನೂ ತೆಗೆಯದ ಪ್ಲಾಸ್ಟಿಕ್ ಹಾಳೆ. ಹುಡುಗನು ಕುಪವಾಡದ ಔದ್ಯೋಗಿಕ ವಸಾಹತಿನ ಒಂದು ಕಾರಖಾನೆಯಲ್ಲಿ ನೌಕರಿಗಿದ್ದಾನೆ. ತಂದೆಯು ಕಬ್ಬಿನ ಬಿಲ್ಲಿನಲ್ಲಿ ಉಳಿಸಿದ್ದನ್ನು ಮುಂಗಡವಾಗಿ ಕೊಟ್ಟಿದ್ದಾನೆ. ಉಳಿದುದನ್ನು ಮಗನು ಮೂರು ವರ್ಷಗಳವರೆಗೆ ತಿಂಗಳು ತಿಂಗಳು ಕಂತುಗಳಲ್ಲಿ ತೀರಿಸಬೇಕು. ವಾಹನವಾದರೋ ಸಾಮಾನ್ಯದ್ದಲ್ಲ, ಪಂದ್ಯದ ವಾಹನಗಳ ಜಾತಿಗೆ ಸೇರಿದ, ಹೆಚ್ಚು ಸಾಮರ್ಥ್ಯದ ಮೋಟಾರ್ ಸೈಕಲು. ಓಣಿಯ ಮಕ್ಕಳೆಲ್ಲ ಕ್ಷಣಾರ್ಧದಲ್ಲಿ ಅದನ್ನು ಸುತ್ತುಗಟ್ಟಿದರು.

ಬನ್ನಿ ಕೊಟ್ಟು, ನಮಸ್ಕರಿಸಿ, ಫಳಾರ ತಿಂದು ಹೊರಡುವಾಗ ಅವನು ಮಕ್ಕಳ ಒತ್ತಾಯಕ್ಕೆ ಮಣಿದು, ಅಷ್ಟರಲ್ಲಿ ಆರಿ ತಣ್ಣಗಾಗಿದ್ದ ಎಂಜಿನ್ನನ್ನು ಚಾಲೂ ಮಾಡಿದವನೇ, ನಿಂತಲ್ಲಿಯೇ ಎಕ್ಸಲರೇಟರನ್ನು ಪೂರ್ತಿ ತಿರುವಿದನು. ಮಕ್ಕಳು ಚಪ್ಪಾಳೆ ತಟ್ಟಿದರು. ನಾವು ಕಟ್ಟೆಯಿಂದಿಳಿದು "ಬಿಡೋ, ಬಿಡು" ಎಂದು ಕೂಗಬೇಕಾಯಿತು.

ಹುಡುಗನು ನಾಚಿದನು, ಆದರೆ ಅವನ ಮನಸ್ಸಿನಲ್ಲಿ ಮೊದಲೇ ಒಂದು ಸಂಶಯವಿದ್ದಿತು. "ಸರ್, ಒಬ್ಬರು ಹಿಂಗಂತಾರ, ಒಬ್ಬರು ಹಂಗಂತಾರ. ಗ್ಯಾರೇಜಿನವರು ಸಾವಿರ ಕಿಲೋಮೀಟರ್ ಆಗೂತನಾ ನಲವತ್ತರ ಮ್ಯಾಲ ಹೋಗಬ್ಯಾಡ ಅಂದ್ರು. ನಮ್ಮ ಗೆಳೆಯಾ, ಮೊದಲನೇ ದಿನಾನ ಪೂರಾ ಓಡಿಸಿ ಬಿಡು, ಇಲ್ಲಂದ್ರ ಗಾಡಿ ಜನ್ಮಪೂರ್ತಿ ಮಂದ ಆಗತೈತಿ ಅಂತಾನ. ಯಾರ ಮಾತು ಖರೇರಿ?" ಎಂದು ಕೇಳಿದನು. ಇಬ್ಬರ ಮಾತೂ ಅರ್ಧ ಖರೆ, ಅರ್ಧ ಸುಳ್ಳು ಎಂದು ನಾವು ಹೇಳಿದೆವು. ಆ ಅರ್ಧಗಳು ಯಾವುವು ಎಂಬುದನ್ನು ಅಂದು ಕಟ್ಟೆಯ ಮೇಲೆ ಕುಳಿತು ಒಂದು ತಾಸು ವಿವರಿಸಬೇಕಾಯಿತು. ನಮ್ಮ ಶಾಲೆಯ ಪಾಲಕರಲ್ಲಿ ಅನೇಕರ ಮನೆಗಳಿಗೆ ಇಂದು ಮೋಟಾರ್ ಸೈಕಲು ಬಂದಿದೆ, ಇಲ್ಲವೆ ನಾಳೆ ಬರಲಿದೆ. ಆದುದರಿಂದ ಅದನ್ನೇ ಇಲ್ಲಿ ಬರೆದಿದ್ದೇವೆ.

ಹೊಸ ಎಂಜಿನ್ನನ್ನು ಹದಕ್ಕೆ ತರುವ ಈ ಕೆಲಸಕ್ಕೆ ಗ್ಯಾರೇಜುಗಳಲ್ಲಿ 'ರನಿಂಗ್ ಇನ್' ಎನ್ನುವರು. ಪಳಗಿಸುವುದು ಎಂಬ ನಮ್ಮ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಜತ್ತ, ಆಟಪಾಡಿಗಳ ಕಡೆಯಲ್ಲಿ ಖಿಲಾರಿ ಹೋರಿಗಳನ್ನು ಸಾಕಿದ ಮನೆತನದವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಎಳೆಯ ಹೋರಿಯ ಹೆಗಲಿಗೆ ಮೊದಲ ದಿನವೇ ಕಬ್ಬು ತುಂಬಿದ ಬಂಡಿಯನ್ನು ಹೂಡಿದರೆ ಹೆಗಲು ಕೆಡುತ್ತದೆ. ಹಾಗೆಂದು ವರ್ಷವಿಡೀ ಗೋದಲಿಯಲ್ಲಿಯೇ ಕಟ್ಟಿ ಮೇಯಿಸಿದರೆ ಅದು ಎಂದಿಗೂ ಎತ್ತಾಗುವುದಿಲ್ಲ. ಬರಿಯ ನೊಗ, ಬರಿಯ ಬಂಡಿ, ಅರೆಹೊರೆ, ಕಡೆಗೆ ತುಂಬಿದ ಹೊರೆ, ನಡುನಡುವೆ ವಿಶ್ರಾಂತಿ: ಪಳಗಿಸುವ ಕ್ರಮ ಇದು. ಗ್ಯಾರೇಜಿನವನು ಗೋದಲಿಯ ಮಾತನ್ನು ಹೇಳಿದನು. ಗೆಳೆಯನು ಕಬ್ಬಿನ ಬಂಡಿಯ ಮಾತನ್ನು ಹೇಳಿದನು.

ಈಗ ಎಂಜಿನ್ನಿನ ಒಳಗೆ ಏನಿದೆ ಎಂಬುದನ್ನು ನೋಡೋಣ. ಸಿಲಿಂಡರು ಎಂಬುದು ಗುಂಡನೆಯ ಒಂದು ಕೊಳವೆ. ಅದರೊಳಗೆ ಮೇಲಕ್ಕೂ ಕೆಳಕ್ಕೂ ಆಡುವ, ಅಲ್ಯೂಮಿನಿಯಮ್ ಮಿಶ್ರಲೋಹದಿಂದ ಮಾಡಿದ ಡಬ್ಬಿಯಂಥ ಭಾಗವೇ ಪಿಸ್ಟನ್. ಇವೆರಡರ ನಡುವಿನ ಸಂದಿಯು ಮಿಲಿಮೀಟರಿನ ನೂರು ಭಾಗಗಳಲ್ಲಿ ಕೆಲವೇ ಭಾಗಗಳಷ್ಟು. ಆದರೂ ಸಿಡಿದುರಿಯುವ ಅನಿಲಕ್ಕೆ ಅಷ್ಟು ಸಂದಿ ಹೆಬ್ಬಾಗಿಲೇ ಸರಿ. ಆ ಬಾಗಿಲನ್ನು ಮುಚ್ಚಲು ಪಿಸ್ಟನ್ನಿನ ಸುತ್ತಲೂ ತೋಡುಗಳನ್ನು ಕೊರೆದು, ಅವುಗಳಲ್ಲಿ ಸಾಮಾನ್ಯವಾಗಿ ಮೂರು ಉಂಗುರಗಳನ್ನು ಕೂಡಿಸಿರುತ್ತಾರೆ. ಮೇಲಿನ ಉಂಗುರಗಳು ಪ್ರಧಾನವಾಗಿ ಅನಿಲವನ್ನು ತಡೆಯುತ್ತವೆ. ಎಲ್ಲಕ್ಕೂ ಕೆಳಗಿನದು ಗೋಡೆಯ ಮೇಲಿನ ಹೆಚ್ಚಿನ ಎಣ್ಣೆಯನ್ನು ಬಳಿದು ಕೆಳಗಿಳಿಸುತ್ತದೆ.

ಹೊಸ ಸಿಲಿಂಡರಿನ ಒಳಮೈ ಕನ್ನಡಿಯಂತೆ ನುಣುಪಾಗಿರಬೇಕೆಂದು ಯಾರಾದರೂ ಭಾವಿಸುವರು. ನಾವೂ ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದೆವು. ಆದರೆ ಕಾರಖಾನೆಯವರು ಅದರ ಮೇಲೆ, ಒಂದನ್ನೊಂದು ಕತ್ತರಿಸುವ ಓರೆಗೀರುಗಳನ್ನು ಸಾಣೆಯ ಕಲ್ಲಿನಿಂದ ಬೇಕೆಂದೇ ಮೂಡಿಸಿರುತ್ತಾರೆ. ಬೆಳಕಿಗೆ ಹಿಡಿದು ನೋಡಿದರೆ ಚಾಪೆಯ ಹೆಣಿಗೆಯಂತೆ ಕಾಣುತ್ತದೆ. ಈ ಗೀರುಗಳ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ. ನೇಗಿಲ ಸಾಲಿನಲ್ಲಿ ಮಳೆಯ ನೀರು ನಿಲ್ಲುವಂತೆ. ಗೀರುಗಳ ದಿಣ್ಣೆಗಳೋ, ಕಣ್ಣಿಗೆ ಕಾಣದಷ್ಟು ಸಣ್ಣವಾದರೂ, ಚೂಪಾಗಿರುತ್ತವೆ. ಉಂಗುರದ ಅಂಚೂ ಹೊಸದಾಗಿರುವಾಗ ಎಲ್ಲ ಕಡೆಗೂ ಸರಿಯಾಗಿ ತಾಗಿರುವುದಿಲ್ಲ. ಎಂಜಿನ್ ಓಡುತ್ತ ಓಡುತ್ತ ಉಂಗುರವು ದಿಣ್ಣೆಗಳ ತುದಿಯನ್ನು ಸವೆಸುತ್ತದೆ, ದಿಣ್ಣೆಗಳು ಉಂಗುರದ ಅಂಚನ್ನು ಸವೆಸುತ್ತವೆ. ಕಡೆಗೆ ಎರಡೂ ಒಂದರ ಮೈಗೆ ಒಂದು ಹೊಂದಿಕೊಳ್ಳುತ್ತವೆ. ದಿಣ್ಣೆ ಸವೆದು, ತಗ್ಗು ಉಳಿದು, ತಗ್ಗಿನಲ್ಲಿ ಎಣ್ಣೆ ನಿಂತಿತೆಂದರೆ ಕೆಲಸ ಮುಗಿಯಿತು. ಸಾಂಗಲಿಯ ಅರಿಶಿನದ ವಖಾರಗಳಲ್ಲಿ ಒಣಗಿದ ಕೊಂಬುಗಳನ್ನು ತಿರುಗುವ ಪೀಪಾಯಿಯಲ್ಲಿ ಹಾಕಿ ಒಂದಕ್ಕೊಂದು ತಿಕ್ಕಿಸಿ ನುಣುಪು ಮಾಡುವುದನ್ನು ಮಕ್ಕಳು ನೋಡಿರಬಹುದು. ಅಲ್ಲಿಯೂ ಹೊರಗಿನವರು ಯಾರೂ ಉಜ್ಜುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ. ಉಂಗುರವನ್ನು ಗೋಡೆಗೆ ಒತ್ತಿ ಹಿಡಿಯುವ ಶಕ್ತಿ ಯಾವುದು? ಅದರ ಸ್ವಂತ ಸ್ಪ್ರಿಂಗಿನ ಗುಣ ಎಂದರೆ ಉತ್ತರ ಅರ್ಧಕ್ಕಿಂತ ಕಡಿಮೆ. ಪೆಟ್ರೋಲಿನ ಮಿಶ್ರಣವು ಉರಿದು ಹಿಗ್ಗುವಾಗ ಅನಿಲವು ಪಿಸ್ಟನ್ನಿನ ತಲೆಯನ್ನು ಮಾತ್ರ ತಳ್ಳುವುದಿಲ್ಲ. ಮೇಲಿನ ಉಂಗುರದ ಹಿಂದಿನ ತೋಡಿನೊಳಕ್ಕೂ ನುಗ್ಗಿ ಅದನ್ನು ಒಳಗಿನಿಂದ ಹೊರಕ್ಕೆ ಒತ್ತುತ್ತದೆ. ಎಂಜಿನ್ನಿನ ಮೇಲೆ ಹೊರೆ ಹೆಚ್ಚಿದಂತೆ ಈ ಒತ್ತಡವೂ ಹೆಚ್ಚುತ್ತದೆ. ಹೊರೆಯೇ ಇಲ್ಲದೆ ಎಂಜಿನ್ನನ್ನು ಮೆಲ್ಲಮೆಲ್ಲನೆ ಓಡಿಸುತ್ತಿದ್ದರೆ ಉಂಗುರವು ಎಣ್ಣೆಯ ಮೇಲೆ ಜಾರುತ್ತದೆಯೇ ಹೊರತು ದಿಣ್ಣೆಗಳನ್ನು ಸವೆಸುವುದಿಲ್ಲ. ಅಷ್ಟರಲ್ಲಿ ಗೀರುಗಳಲ್ಲಿಯ ಎಣ್ಣೆಯು ಸೋರಿ ಬಂದ ಬಿಸಿ ಅನಿಲಕ್ಕೆ ಸುಟ್ಟು ಗಟ್ಟಿಯಾಗಿ, ಗೋಡೆಗೆ ಗಾಜಿನಂಥ ಹೊಳಪಿನ ಪದರವನ್ನು ಬಳಿಯುತ್ತದೆ. ಆ ಮೇಲೆ ಉಂಗುರವು ಎಷ್ಟು ಓಡಿದರೂ ಹೊಂದಿಕೊಳ್ಳುವುದಿಲ್ಲ. ಹೊಗೆ ನೀಲಿಯಾಗುತ್ತದೆ, ಎಣ್ಣೆ ತಿಂಗಳು ತಿಂಗಳು ಇಳಿಯುತ್ತದೆ, ಏರಿನಲ್ಲಿ ಗಾಡಿ ಬಲಗುಂದುತ್ತದೆ. ಎಂಜಿನ್ನನ್ನು ಬಿಚ್ಚಿ ಗೋಡೆಯನ್ನು ಮತ್ತೆ ಸಾಣೆ ಹಿಡಿಸದೆ ಗತಿಯಿಲ್ಲ. ಗೆಳೆಯನು ಹೇಳಿದ 'ಜನ್ಮಪೂರ್ತಿ ಮಂದ' ಎಂಬ ಮಾತಿನ ನಿಜವು ಇಷ್ಟು.

ಇನ್ನು ಅವನ ಮಾತಿನ ಸುಳ್ಳು. ಹೊಂದಿಕೊಂಡಿಲ್ಲದ ಮೈಗಳು ಹೆಚ್ಚು ತಿಕ್ಕುತ್ತವೆ, ಹೆಚ್ಚು ಕಾಯುತ್ತವೆ. ಒಂದೇ ಸಮನೆ ಪೂರ್ತಿ ವೇಗದಲ್ಲಿ ಓಡಿಸಿದರೆ ಈ ಉಷ್ಣ ಹೊರಗೆ ಹೋಗಲು ಪುರಸತ್ತು ಇರುವುದಿಲ್ಲ. ಅಲ್ಯೂಮಿನಿಯಮ್ಮು ಎರಕದ ಕಬ್ಬಿಣಕ್ಕಿಂತ ಸುಮಾರು ಇಮ್ಮಡಿಯಾಗಿ ಹಿಗ್ಗುವ ಲೋಹ. ಕಬ್ಬಿಣದ ಸಿಲಿಂಡರಿನಲ್ಲಿ ಪಿಸ್ಟನ್ನು ಕಾದು ಹಿಗ್ಗಿತೆಂದರೆ ನೂರನೆಯ ಭಾಗಗಳ ಆ ಸಂದಿಯೂ ಮುಚ್ಚಿ, ಎಣ್ಣೆಯ ಪದರ ಹರಿದು, ಲೋಹಕ್ಕೆ ಲೋಹವೇ ತಾಗಿ ಬೆಸೆದುಕೊಳ್ಳಲು ಆರಂಭಿಸುತ್ತದೆ.

ಇದನ್ನು ನಾವು ಪುಸ್ತಕದಲ್ಲಿ ಓದಿ ಕಲಿತವರಲ್ಲ. ೧೯೮೪ರ ಮೇ ತಿಂಗಳಲ್ಲಿ ನಮ್ಮ ಮನೆಗೆ ಮೊದಲ ಮೋಟಾರ್ ಸೈಕಲು ಬಂದಿತು. ಅದು ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಕಲಸಿ ಹಾಕಬೇಕಾದ ಟೂ ಸ್ಟ್ರೋಕ್ ಎಂಜಿನ್ನಿನದು. ಬಂದ ಎಂಟನೆಯ ದಿನ, ಹಿಂದೆ ತಮ್ಮನನ್ನೂ ಅವನ ಮಡಿಲಲ್ಲಿ ಅರ್ಧ ಚೀಲ ಬೀಜದ ಜೋಳವನ್ನೂ ಕೂಡಿಸಿಕೊಂಡು, ಮಿರಜಿನಿಂದ ಜತ್ತಕ್ಕೆ ನಡುಮಧ್ಯಾಹ್ನ ಹೊರಟೆವು. ಮದುವೆಯ ಮುಹೂರ್ತಕ್ಕೆ ಹೋಗುವವರಂತೆ ನಮಗೆ ಅವಸರ. ಕವಠೆ ಮಹಾಂಕಾಳವನ್ನು ದಾಟಿದ ಮೇಲೆ ಒಂದು ದೀರ್ಘ ಏರಿನಲ್ಲಿ ಎಕ್ಸಲರೇಟರನ್ನು ಪೂರ್ತಿ ಹಿಡಿದೇ ಇದ್ದೆವು. ಎಂಜಿನ್ನಿನ ಸ್ವರ ಸ್ವಲ್ಪ ಬದಲಾಯಿತು. ಗಾಡಿಯನ್ನು ಹಿಂದಿನಿಂದ ಯಾರೋ ಹಿಡಿದೆಳೆದಂತಾಯಿತು. ಅದರ ಅರ್ಥ ತಿಳಿಯುವಷ್ಟರಲ್ಲಿ 'ಕ್ರೀಂ' ಎಂಬ ಸದ್ದಿನೊಡನೆ ಹಿಂದಿನ ಗಾಲಿ ತಿರುಗುವುದನ್ನೇ ಬಿಟ್ಟು ಡಾಂಬರಿನ ಮೇಲೆ ಜಾರಹತ್ತಿತು. ಕ್ಲಚ್ಚನ್ನು ಹಿಡಿಯಬೇಕೆಂದು ಕೈಗೆ ಯಾರು ಹೇಳಿದರೋ ತಿಳಿಯದು. ಹಿಡಿದುದರಿಂದ ಗಾಲಿ ಬಿಡಿಸಿಕೊಂಡಿತು, ನಾವು ಉಳಿದೆವು. ಎದುರಿಗೆ ಒಂದು ಲಾರಿ ಬರುತ್ತಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು. ಬೇವಿನ ನೆರಳಿನಲ್ಲಿ ಅರ್ಧ ತಾಸು ಕುಳಿತ ಮೇಲೆ ಎಂಜಿನ್ ತಾನಾಗಿಯೇ ಸಡಿಲಾಯಿತು. ಮರುವಾರ ಬಿಚ್ಚಿ ನೋಡಿದಾಗ ಪಿಸ್ಟನ್ನಿನ ಮೈಮೇಲೆ ಬೆಕ್ಕು ಪರಚಿದಂಥ ಉದ್ದುದ್ದ ಗೀರುಗಳು. ಆ ಗಾಡಿ ಹನ್ನೊಂದು ವರ್ಷ ನಮ್ಮಲ್ಲಿದ್ದಿತು. ಒಂದು ದಿನವೂ ಚೊಕ್ಕವಾಗಿ ಓಡಲಿಲ್ಲ. ದೋಷ ಗಾಡಿಯದಲ್ಲ, ನಮ್ಮದು. ಕೈಪಿಡಿಯನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದೆವು, ಓದಿರಲಿಲ್ಲ.

ಹೊಲದಲ್ಲಿಯ ನೀರೆತ್ತುವ ಎಂಜಿನ್ನಿಗೆ ಯಾರೂ ಇಷ್ಟು ಉಪಚಾರ ಮಾಡುವುದಿಲ್ಲವಲ್ಲ, ಅದು ಮೂವತ್ತು ವರ್ಷ ಓಡುತ್ತದೆಯಲ್ಲ, ಎಂದು ಪಾಲಕರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ, ಇದಕ್ಕೆ ಉತ್ತರ ಲೆಕ್ಕದಲ್ಲಿದೆ. ಕೃಷ್ಣೆಯ ದಂಡೆಯ ಊರುಗಳಲ್ಲಿ ಎಲ್ಲರೂ ಬಲ್ಲ ಕಿರ್ಲೋಸ್ಕರ ಡೀಸೆಲ್ ಎಂಜಿನ್ನಿನ ಒಂದು ಪ್ರಸಿದ್ಧ ಮಾದರಿಯಲ್ಲಿ ಸಿಲಿಂಡರಿನ ವ್ಯಾಸ ೮೦ ಮಿಲಿಮೀಟರು, ಪಿಸ್ಟನ್ನಿನ ಓಡಾಟ ೧೧೦ ಮಿಲಿಮೀಟರು, ವೇಗ ನಿಮಿಷಕ್ಕೆ ೧,೫೦೦ ಸುತ್ತು, ಶಕ್ತಿ ೫ ಅಶ್ವಶಕ್ತಿ. ಒಂದು ಸುತ್ತಿಗೆ ಪಿಸ್ಟನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಅಂದರೆ ೨೨೦ ಮಿಲಿಮೀಟರು ಸಾಗುತ್ತದೆ. ೧,೫೦೦ ಸುತ್ತಿಗೆ ೩೩೦ ಮೀಟರು. ಸೆಕೆಂಡಿಗೆ ಐದೂವರೆ ಮೀಟರು. ಕಿರ್ಲೋಸ್ಕರರ ಹೆಸರು ಬಂದುದರಿಂದ ಒಂದು ಮಾತು. ಈ ಉದ್ಯಮವನ್ನು ಕಟ್ಟಿದ ಲಕ್ಷ್ಮಣರಾಯರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದವರು; ೧೮೮೮ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಮೊದಲುಮಾಡಿ, ೧೯೧೦ರಲ್ಲಿ ನಮ್ಮ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ಬಂದು ಬಂಜರು ಮಾಳದ ಮೇಲೆ ಕಾರಖಾನೆಯನ್ನು ಹೂಡಿದರು. ಎರಡು ಗಾಲಿಗಳಿಂದ ಆರಂಭವಾದ ಸಂಸಾರವದು.

ಎರಡನೆಯ ಉದಾಹರಣೆಗೆ ಮೈಸೂರಿಗೆ ಹೋಗೋಣ. ಅಲ್ಲಿಯ ಯಾದವಗಿರಿಯ ಐಡಿಯಲ್ ಜಾವಾ ಕಾರಖಾನೆಯು ೧೯೬೧ರಿಂದ ಮೋಟಾರ್ ಸೈಕಲುಗಳನ್ನು ತಯಾರಿಸಿ, ೧೯೯೬ರಲ್ಲಿ ಬಾಗಿಲು ಮುಚ್ಚಿತು. ಹಿರಿಯರಲ್ಲಿ ಅನೇಕರಿಗೆ ಜಾವಾ, ಯೆಜ್ಡಿ ಎಂಬ ಹೆಸರುಗಳು ಇನ್ನೂ ಬಾಯಲ್ಲಿವೆ. ಹಳೆಯ ಜಾವಾ ೨೫೦ರ ಪಿಸ್ಟನ್ನಿನ ಓಡಾಟ ೭೫ ಮಿಲಿಮೀಟರು. ನಿಮಿಷಕ್ಕೆ ೪,೭೫೦ ಸುತ್ತಿನಲ್ಲಿ ಅದು ೧೨ ಅಶ್ವಶಕ್ತಿಯನ್ನು ಕೊಡುತ್ತಿದ್ದಿತು. ಮಕ್ಕಳು ಗುಣಿಸಿ ನೋಡಿದರೆ ಪಿಸ್ಟನ್ನಿನ ವೇಗ ಸೆಕೆಂಡಿಗೆ ಸುಮಾರು ಹನ್ನೆರಡು ಮೀಟರು ಬರುತ್ತದೆ.

ಮೂರನೆಯದು, ಪುಣೆಯ ಸಮೀಪದ ಚಾಕಣದಲ್ಲಿ ತಯಾರಾಗಿ ೨೦೧೩ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ ಕೆಟಿಎಂ ೩೯೦ ಡ್ಯೂಕ್. ಅದರ ಅಂದಿನ ಎಂಜಿನ್ನಿನಲ್ಲಿ ವ್ಯಾಸ ೮೯, ಓಡಾಟ ೬೦ ಮಿಲಿಮೀಟರು. ಗಾತ್ರ ೩೭೩ ಘನ ಸೆಂಟಿಮೀಟರು. ಹೊಲದ ಎಂಜಿನ್ನಿನ ಗಾತ್ರವೋ ೫೫೩. ಗಾತ್ರದಲ್ಲಿ ಚಿಕ್ಕದಾದ ಇದು ನಿಮಿಷಕ್ಕೆ ೯,೦೦೦ ಸುತ್ತುಗಳ ಆಸುಪಾಸಿನಲ್ಲಿ ಸುಮಾರು ೪೩ ಅಶ್ವಶಕ್ತಿಯನ್ನು ಕೊಡುತ್ತದೆ. ಆಗ ಪಿಸ್ಟನ್ನು ಸೆಕೆಂಡಿಗೆ ಹದಿನೆಂಟು ಮೀಟರಿನ ಸರಾಸರಿಯಲ್ಲಿ ಓಡುತ್ತಿರುತ್ತದೆ. ಅದೂ ನೇರವಾಗಿ ಅಲ್ಲ, ಸೆಕೆಂಡಿಗೆ ಮುನ್ನೂರು ಸಲ ನಿಂತು, ದಿಕ್ಕು ಬದಲಿಸಿ, ಮತ್ತೆ ಓಡುತ್ತ. ಒಂದು ಲೀಟರಿನ ಗಾತ್ರಕ್ಕೆ ಹೊಲದ ಎಂಜಿನ್ನಿನಿಂದ ನಾವು ೯ ಅಶ್ವಶಕ್ತಿಯನ್ನು ಕೇಳುತ್ತೇವೆ. ಇದರಿಂದ ೧೧೫ನ್ನು ಕೇಳುತ್ತೇವೆ. ಹೀಗಿರುವಾಗ ಎರಡಕ್ಕೂ ಒಂದೇ ಉಪಚಾರ ಸಾಲದು.

ಈ ಜಾತಿಯ ಎಂಜಿನ್ನುಗಳಲ್ಲಿ ಅನೇಕವುಗಳ ಸಿಲಿಂಡರು ಈಗ ಕಬ್ಬಿಣದ್ದಲ್ಲ. ಅಲ್ಯೂಮಿನಿಯಮ್ಮಿನ ಗೋಡೆಗೆ ನಿಕ್ಕಲಿನಲ್ಲಿ ಸಿಲಿಕಾನ್ ಕಾರ್ಬೈಡಿನ ಕಣಗಳನ್ನು ಕೂಡಿಸಿದ ಅತಿ ಕಠಿಣವಾದ ಲೇಪವಿರುತ್ತದೆ. ಚೂಪಾದ ದಿಣ್ಣೆಗಳ ಬಹುಭಾಗವನ್ನು ಕಾರಖಾನೆಯಲ್ಲಿಯೇ ತೆಗೆದಿರುತ್ತಾರೆ. ಆದುದರಿಂದ ಪಳಗಿಸುವ ಮಾತೇ ಹಳೆಯದಾಯಿತು ಎನ್ನುವವರೂ ಇದ್ದಾರೆ. ಉಂಗುರಗಳ ಮಟ್ಟಿಗೆ ಅವಧಿ ಚಿಕ್ಕದಾಗಿದೆ ಎಂಬುದು ನಿಜ. ಆದರೆ ಎಂಜಿನ್ ಎಂದರೆ ಉಂಗುರಗಳು ಮಾತ್ರವಲ್ಲ. ಗೇರುಗಳ ಹಲ್ಲುಗಳು, ಬೇರಿಂಗುಗಳು, ಕ್ಲಚ್ಚಿನ ತಟ್ಟೆಗಳು, ಕವಾಟಗಳು ಕೂಡುವ ಪೀಠಗಳು, ಹೊರಗಿನ ಸರಪಳಿ, ಎಲ್ಲವೂ ಹೊಸ ಸೊಸೆಯಂತೆ ಮನೆಗೆ ಹೊಂದಿಕೊಳ್ಳಬೇಕು. ತಯಾರಿಸಿದವರು ಇಂದಿಗೂ ಕೈಪಿಡಿಯಲ್ಲಿ ಮಿತಿಯನ್ನು ಬರೆಯುವುದನ್ನು ಬಿಟ್ಟಿಲ್ಲ.

ಮಿತಿಯ ವಿಷಯದಲ್ಲಿ ದೊಡ್ಡ ತಪ್ಪು ತಿಳಿವಳಿಕೆಯೊಂದಿದೆ. ಗ್ಯಾರೇಜಿನವನು 'ನಲವತ್ತರ ಮೇಲೆ ಹೋಗಬೇಡ' ಎಂದನಷ್ಟೆ. ಎಂಜಿನ್ನಿಗೆ ರಸ್ತೆಯ ವೇಗ ತಿಳಿಯದು. ತಾನು ಎಷ್ಟು ಸುತ್ತು ತಿರುಗುತ್ತಿದ್ದೇನೆ, ಎಷ್ಟು ಹೊರೆ ಎಳೆಯುತ್ತಿದ್ದೇನೆ ಎಂಬ ಎರಡೇ ತಿಳಿಯುವುವು. ಮೊದಲನೆಯ ಗೇರಿನಲ್ಲಿ ನಲವತ್ತು ಎಂದರೆ ಎಂಜಿನ್ ಚೀರುತ್ತಿರುತ್ತದೆ. ಆರನೆಯ ಗೇರಿನಲ್ಲಿ ನಲವತ್ತು ಎಂದರೆ ಅದು ಏದುಸಿರು ಬಿಡುತ್ತಿರುತ್ತದೆ. ಈ ಎರಡನೆಯದು ಹೆಚ್ಚು ಕೆಟ್ಟದು. ಸುತ್ತು ಕಡಿಮೆಯಾದಾಗ ಎಣ್ಣೆಯ ಪದರ ತೆಳುವಾಗುತ್ತದೆ. ಆಗಲೇ ಎಕ್ಸಲರೇಟರನ್ನು ತಿರುವಿ ಬಲವಂತದಿಂದ ಎಳೆಸಿದರೆ ಬೇರಿಂಗುಗಳು ಪೆಟ್ಟು ತಿನ್ನುತ್ತವೆ. ಗಾಡಿ ಗದಗದ ನಡುಗಿತೆಂದರೆ ಒಂದು ಗೇರು ಕೆಳಗಿಳಿಸಬೇಕು. ನೋಡಬೇಕಾದುದು ಸುತ್ತುಗಳನ್ನು ತೋರಿಸುವ ಮೀಟರನ್ನು. ಅದರ ಕೆಂಪು ಗೆರೆಯ ಅರ್ಧದಿಂದ ಮೂರರಲ್ಲಿ ಎರಡು ಪಾಲಿನೊಳಗೆ ಎಂದು ಸ್ಥೂಲವಾಗಿ ಹೇಳಬಹುದಾದರೂ, ಆಯಾ ಕೈಪಿಡಿಯ ಅಂಕಿಯೇ ಪ್ರಮಾಣ.

ಸುತ್ತುಗಳನ್ನು ಬದಲಿಸುತ್ತಿರಬೇಕು ಎಂಬುದು ಮುಂದಿನ ಮಾತು. ನಮ್ಮ ಹುಡುಗನು ಮೊದಲ ರವಿವಾರವೇ ಗೆಳೆಯರೊಡನೆ ಹೆದ್ದಾರಿ ಹಿಡಿದು ಗೋವೆಗೆ ಹೋಗುವ ಬೇತು ಹಾಕಿದ್ದನು. ಅಗಲವಾದ ರಸ್ತೆಯಲ್ಲಿ ಒಂದೇ ಗೇರು, ಒಂದೇ ವೇಗದಲ್ಲಿ ನೂರಾರು ಕಿಲೋಮೀಟರು ಹೋಗುವುದು ಸವಾರನಿಗೆ ಹಿತ. ಹೊಸ ಎಂಜಿನ್ನಿಗೆ ಅಲ್ಲ. ಅದಕ್ಕೆ ಬೇಕಾದ ರಸ್ತೆ ನಮ್ಮ ಮನೆಯ ಮುಂದೆಯೇ ಇದೆ. ಸಾಂಗಲಿಯಿಂದ ವಿಶ್ರಾಮಬಾಗದ ಮೂಲಕ ಮಿರಜಿಗೆ ಸುಮಾರು ಹತ್ತು ಕಿಲೋಮೀಟರು. ಅಷ್ಟರಲ್ಲಿ ಎಷ್ಟು ಸಲ ನಿಲ್ಲಬೇಕು, ಎಷ್ಟು ಸಲ ಗೇರು ಬದಲಿಸಬೇಕು ಎಂಬುದನ್ನು ನಿತ್ಯ ಓಡಾಡುವವರೇ ಬಲ್ಲರು. ಬೇರೆ ದಿನ ಅದನ್ನು ಶಪಿಸುತ್ತೇವೆ. ಮೊದಲ ಇನ್ನೂರು ಕಿಲೋಮೀಟರಿಗೆ ಅದು ವರವಾಗಿದೆ. ಅದಾದ ಮೇಲೆ ಬೆಳಗಿನ ತಂಪಿನಲ್ಲಿ ಮಿರಜಿನಿಂದ ಮ್ಹೈಸಾಳದ ಮೇಲೆ ಕಾಗವಾಡದವರೆಗೆ ಹೋಗಿ ಬರುವುದು. ನಡುವೆ ಎಕ್ಸಲರೇಟರನ್ನು ಮಿತಿಯೊಳಗೆ ದೃಢವಾಗಿ ಏರಿಸುವುದು, ಬಿಟ್ಟು ಗಾಡಿ ತಾನೇ ಇಳಿಯುವಂತೆ ಮಾಡುವುದು, ಮತ್ತೆ ಏರಿಸುವ��ದು. ಏರಿಸುವಾಗ ಅನಿಲದ ಒತ್ತಡ ಉಂಗುರವನ್ನು ಗೋಡೆಗೆ ಒತ್ತುತ್ತದೆ. ಬಿಟ್ಟಾಗ ಸಿಲಿಂಡರಿನಲ್ಲಿ ಉಂಟಾದ ಸೆಳೆತಕ್ಕೆ ಸ್ವಲ್ಪ ಎಣ್ಣೆ ಮೇಲೇರಿ ಮೈಯನ್ನು ತೋಯಿಸುತ್ತದೆ. ಐನೂರು ದಾಟಿದ ಮೇಲೆ ದಂಡೋಬಾದ ಗುಡ್ಡದ ಏರನ್ನು, ಒಬ್ಬನೇ ಕುಳಿತು, ಕೆಳಗಿನ ಗೇರಿನಲ್ಲಿ ಹತ್ತಬಹುದು. ಪ್ರತಿ ಸಲವೂ ಮನೆಗೆ ಬಂದು ಎಂಜಿನ್ ಪೂರ್ತಿ ಆರಲು ಬಿಡಬೇಕು. ಕಾಯುವುದು ಎಷ್ಟು ಮುಖ್ಯವೋ ಆರುವುದೂ ಅಷ್ಟೇ ಮುಖ್ಯ.

ಬನ್ನಿಯ ಸಂಜೆ ನಾವು ಕೂಗಿದ ಕಾರಣವೂ ಇಲ್ಲಿಯೇ ಇದೆ. ಆರಿದ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿಳಿದು ತಳದಲ್ಲಿರುತ್ತದೆ. ಚಾಲೂ ಮಾಡಿದ ಕೂಡಲೆ ಪಂಪು ಅದನ್ನು ಎಲ್ಲ ಮೂಲೆಗಳಿಗೆ ಮುಟ್ಟಿಸಲು ಕೆಲವು ಕ್ಷಣಗಳು ಬೇಕು. ತಣ್ಣಗಿನ ಎಣ್ಣೆ ಮಂದವಾಗಿಯೂ ಇರುತ್ತದೆ. ಅಂಥ ಕ್ಷಣದಲ್ಲಿ ಪೂರ್ತಿ ತಿರುವುವುದು ಒಣಗಿದ ಗಾಣಕ್ಕೆ ಎತ್ತನ್ನು ಹೊಡೆದು ಓಡಿಸಿದಂತೆ. ಹಾಗೆಂದು ಹತ್ತು ನಿಮಿಷ ನಿಂತಲ್ಲಿಯೇ ಗುರುಗುಡಿಸುವುದೂ ಬೇಡ. ಅರ್ಧ ನಿಮಿಷ ತಾಳಿ, ಮೊದಲ ಎರಡು ಮೂರು ಕಿಲೋಮೀಟರು ಮೆಲ್ಲಗೆ ಹೋದರೆ ಎಂಜಿನ್ ತಾನೇ ಹದಕ್ಕೆ ಕಾಯುತ್ತದೆ.

ಎಣ್ಣೆಯ ವಿಷಯ ಎಲ್ಲಕ್ಕಿಂತ ದೊಡ್ಡದು. ಮೊದಲ ಸೇವೆಯನ್ನು ೫೦೦ರಿಂದ ೧,೦೦೦ ಕಿಲೋಮೀಟರಿನ ಒಳಗೆ ಮಾಡಿಸಬೇಕೆಂದು ಸಾಮಾನ್ಯವಾಗಿ ಕೈಪಿಡಿಗಳು ಹೇಳುತ್ತವೆ. ಜೊತೆಗೆ ದಿನಗಳ ಲೆಕ್ಕವೂ ಇರುತ್ತದೆ, ಯಾವುದು ಮೊದಲು ಬಂದರೆ ಅದು. ಹುಡುಗನು ತನ್ನ ಗಾಡಿಯ ಮೊದಲ ಸೇವೆಗೆ ನಮ್ಮನ್ನೂ ಕರೆದುಕೊಂಡು ಹೋದನು. ತಳದ ತಿರುಪನ್ನು ಬಿಚ್ಚಿದಾಗ ತಟ್ಟೆಗೆ ಬಿದ್ದ ಎಣ್ಣೆ ಬಿಸಿಲಿಗೆ ಅಭ್ರಕದ ಪುಡಿ ಕಲಸಿದಂತೆ ಮಿನುಗುತ್ತಿದ್ದಿತು. ಸವೆದ ದಿಣ್ಣೆಗಳೆಲ್ಲ ಅದರಲ್ಲಿದ್ದವು. ಸಂಜೆ ಮರಳಿದಾಗ ನೆರೆಮನೆಯ ಅಜ್ಜಿ ಕಟ್ಟೆಯ ಮೇಲಿದ್ದರು. "ಮೂರು ವಾರ ಆಗಿಲ್ಲ, ಎಣ್ಣಿ ಎಲ್ಲಾ ಚೆಲ್ಲಿ ಬಂದ್ಯಂತಲ್ಲೋ ತಮ್ಮಾ, ರೊಕ್ಕ ಹೆಚ್ಚಾಗೇದೇನು?" ಎಂದರು. ಲೋಹದ ಪುಡಿಯ ಸಂಗತಿಯನ್ನು ಹುಡುಗನು ಹೇಳಿದನು. ಅಜ್ಜಿ ಅರೆಗಳಿಗೆ ಸುಮ್ಮನಿದ್ದು, "ಹಂಗಂದ್ರ ಬೀಸೂಕಲ್ಲಿನ ಗತಿ ಅನ್ನು. ಹೊಸಾ ಕಲ್ಲಿನಾಗ ಮೊದಲ ತೌಡು ಬೀಸಿ ಚೆಲ್ಲತೀವಿ. ಅದನ್ಯಾರರೆ ರೊಟ್ಟಿ ಮಾಡಿ ತಿಂತಾರೇನು?" ಎಂದರು. ನಾವು ಒಂದು ತಾಸು ಕುಳಿತು ಹೇಳಿದ್ದು ಅಷ್ಟರಲ್ಲಿ ಬಂದಿತು.

ಆ ತೌಡನ್ನು ಎಂಜಿನ್ನಿಗೆ ಮತ್ತೆ ಮತ್ತೆ ಉಣಿಸುವವರೇ ಹೆಚ್ಚು. ರಜೆ ಸಿಕ್ಕಲಿಲ್ಲ, ಪಾಳಿ ಬಂದಿತು ಎಂದು ಸೇವೆಯನ್ನು ಎರಡು ಸಾವಿರದವರೆಗೆ ದೂಡುತ್ತಾರೆ. ಜಾಲರಿಯು ದಪ್ಪ ಕಣಗಳನ್ನು ಹಿಡಿದೀತು. ಅತಿ ಸೂಕ್ಷ್ಮವಾದವು ಎಣ್ಣೆಯೊಡನೆ ತಿರುಗುತ್ತಲೇ ಇರುತ್ತವೆ. ಹೊಸ ಎಣ್ಣೆಯ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಮೋಟಾರ್ ಸೈಕಲುಗಳಲ್ಲಿ ಬಹುಮಟ್ಟಿಗೆ ಎಂಜಿನ್, ಗೇರು, ಕ್ಲಚ್ಚು ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿಗೆಂದು ಮಾಡಿದ ಕೆಲವು ನುಣುಪಾದ ಎಣ್ಣೆಗಳನ್ನು ಹಾಕಿದರೆ ಕ್ಲಚ್ಚು ಜಾರುತ್ತದೆ. ಡಬ್ಬಿಯ ಮೇಲೆ 'ಜಾಸೋ ಎಂಎ' ಎಂಬ ಗುರುತನ್ನು ನೋಡಿ ಕೊಳ್ಳುವುದು ಕ್ಷೇಮ. ಎಂಜಿನ್ನಿಗೆ ಬಲ ಬರುವುದೆಂದು ಅಂಗಡಿಯವರು ಕೊಡುವ ಚಿಕ್ಕ ಬಾಟಲಿಯ ಔಷಧಗಳು ಈ ಹೊತ್ತಿಗೆ ಬೇಡವೇ ಬೇಡ. ಅತಿಯಾಗಿ ಜಾರಿಸುವ ವಸ್ತು ಸವೆಯಬೇಕಾದುದನ್ನೂ ಸವೆಯಗೊಡದು. ತೆಗೆದ ಹಳೆಯ ಎಣ್ಣೆಯನ್ನು ಗಟಾರಕ್ಕೆ ಚೆಲ್ಲದೆ ವರ್ಕ್‌ಶಾಪಿನ ಪೀಪಾಯಿಗೆ ಹಾಕಬೇಕು. ನಮ್ಮ ಗಟಾರಗಳೆಲ್ಲ ಕೃಷ್ಣೆಯನ್ನೇ ಸೇರುತ್ತವೆ.

ಟಾಯರು, ಬ್ರೇಕುಗಳ ಮಾತನ್ನು ಚಿಕ್ಕದರಲ್ಲಿ ಹೇಳುವೆವು. ಹೊಸ ಟಾಯರಿನ ಮೈ ನುಣುಪಾಗಿರುತ್ತದೆ. ಮೊದಲ ನೂರಿನ್ನೂರು ಕಿಲೋಮೀಟರು ತಿರುವುಗಳಲ್ಲಿ ಗಾಡಿಯನ್ನು ಬಾಗಿಸುವಾಗ ಜಾಗ್ರತೆ. ಬ್ರೇಕಿನ ಪಟ್ಟಿಯೂ ತಟ್ಟೆಗೆ ಹೊಂದಿಕೊಳ್ಳಬೇಕಾದುದರಿಂದ ಮೊದಲ ದಿನಗಳಲ್ಲಿ ದೂರದಿಂದಲೇ, ಮಧ್ಯಮ ಬಲದಿಂದ, ಹಲವು ಸಲ ಹಿಡಿದು ಬಿಡಬೇಕು. ಕಬ್ಬಿನ ಹಂಗಾಮಿನಲ್ಲಿ ಸಂಜೆಯಾದ ಮೇಲೆ ಹಿಂದೆ ದೀಪವಿಲ್ಲದ ಜೋಡಿ ಟ್ರಾಲಿಗಳು ನಮ್ಮ ರಸ್ತೆಗಳಲ್ಲಿ ಎಲ್ಲಿ ನಿಂತಿರುತ್ತವೆಂದು ಹೇಳಲಾಗದು. ಆ ತಿಂಗಳುಗಳಲ್ಲಿ ಹೊಸ ಬ್ರೇಕನ್ನು ನಂಬಿ ಕತ್ತಲೆಯಲ್ಲಿ ಓಡಿಸುವುದು ಜಾಣತನವಲ್ಲ.

ಓಣಿಯಲ್ಲಿ ಚಪ್ಪಾಳೆ ತಟ್ಟಿದ ಮಕ್ಕಳಲ್ಲಿ ಒಬ್ಬನು, ಎಂಟನೆಯ ಇಯತ್ತೆಯವನು, "ಸರ್, ಒಂದು ರೌಂಡ್ ನಾನು ಹೊಡೀಲಿ?" ಎಂದು ಕೇಳಿದನು. ಅವನ ತಂದೆ ನಕ್ಕರು, ಬೇಡ ಎನ್ನಲಿಲ್ಲ. ಅದಕ್ಕಾಗಿ ಪಾಲಕರಿಗೆ ಇಷ್ಟನ್ನು ತಿಳಿಸಬೇಕಾಗಿದೆ. ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ಗೇರಿನ ಮೋಟಾರ್ ಸೈಕಲಿನ ಪರವಾನಗಿಗೆ ಹದಿನೆಂಟು ವರ್ಷ ತುಂಬಿರಬೇಕು. ೨೦೧೯ರ ತಿದ್ದುಪಡಿಯ ಮೇಲೆ, ಅಪ್ರಾಪ್ತ ವಯಸ್ಸಿನ ಮಗನು ಗಾಡಿ ಓಡಿಸಿ ಅಪರಾಧಕ್ಕೆ ಸಿಕ್ಕರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ೨೫,೦೦೦ ರೂಪಾಯಿ ದಂಡ ಇವೆ. ಆ ಮಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ನಲವತ್ತಕ್ಕೂ ಹೆಚ್ಚು ಅಶ್ವಶಕ್ತಿಯ ವಾಹನವನ್ನು ಹದಿಮೂರು ವರ್ಷದ ಕೈಗೆ ಕೊಡುವುದಕ್ಕೆ ಕಾಯಿದೆಯೇ ಅಡ್ಡ ಬರಬೇಕಾದುದು ಏಕೆಂದು ನಮಗೆ ತಿಳಿಯದು.

ಮೊದಲ ಸೇವೆ ಮುಗಿದ ಮರುದಿನವೇ ಪೂರ್ತಿ ವೇಗ ಎಂದಲ್ಲ. ಮುಂದಿನ ಐನೂರು ಕಿಲೋಮೀಟರುಗಳಲ್ಲಿ ಮಿತಿಯನ್ನು ಸ್ವಲ್ಪ ಸ್ವಲ್ಪವಾಗಿ, ಒಂದೊಂದು ಸಲಕ್ಕೆ ಕೆಲವೇ ಕ್ಷಣ, ಮೇಲಕ್ಕೆ ಒಯ್ಯಬೇಕು. ಹುಡುಗನಿಗೆ ನಾವು ನಲವತ್ತು ಪುಟದ ಒಂದು ನೋಟ್‌ಬುಕ್ಕನ್ನು ಕೊಟ್ಟು ತಾರೀಖು, ಕಿಲೋಮೀಟರು, ತುಂಬಿದ ಪೆಟ್ರೋಲು, ಎಣ್ಣೆಯ ಕಿಂಡಿಯಲ್ಲಿ ಕಂಡ ಮಟ್ಟ, ಇವನ್ನು ವಾರಕ್ಕೊಮ್ಮೆ ಬರೆದಿಡಲು ಹೇಳಿದ್ದೆವು. ಗೋವೆಯ ಪ್ರವಾಸ ಡಿಸೆಂಬರಿನಲ್ಲಿ ಆಯಿತು. ಈ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ನೋಟ್‌ಬುಕ್ಕನ್ನು ತರಿಸಿ ನೋಡಿದೆವು. ಕಡೆಯ ಸಾಲಿನಲ್ಲಿ ೨,೩೪೦ ಕಿಲೋಮೀಟರು. ಎಣ್ಣೆಯ ಮಟ್ಟದ ಕೆಳಗೆ, ಹಿಂದಿನ ಆರು ವಾರಗಳಂತೆಯೇ, 'ಇಳಿದಿಲ್ಲ' ಎಂದು ಬರೆದಿದ್ದಾನೆ.